14 ವರ್ಷದ ಐಪಾಡ್ ಕ್ಲಾಸಿಕ್: ಶಫಲ್ ಮಧ್ಯೆ ತಾಳಮದ್ದಳೆ ನುಗ್ಗದ ಹಾಗೆ ಮಾಡಿದ್ದು

2010ರಲ್ಲಿ ತೆಗೆದುಕೊಂಡ 160 ಜಿಬಿ ಐಪಾಡ್ ಕ್ಲಾಸಿಕ್ (ಹಾಡು ತುಂಬಿಸಿ ಕೇಳುವ ಆಪಲ್‌ನ ಪುಟ್ಟ ಯಂತ್ರ) 14 ವರ್ಷ ಆದರೂ ನನ್ನ ಕಾರಿನಲ್ಲೇ ಉಂಟು. ಆಪಲ್ 2014ರಲ್ಲೇ ಇದನ್ನು ಮಾರುವುದು ನಿಲ್ಲಿಸಿತು. ನಾನು ದಿನಾ ಉಡುಪಿಯಿಂದ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವನು. ಆಕ್ಸ್ ಕೇಬಲ್ ಚುಚ್ಚಿ, 'ಶಫಲ್ ಸಾಂಗ್ಸ್' ಒತ್ತಿ ಹೊರಡುವುದು. ಶಫಲ್ ಅಂದರೆ ಹಾಡುಗಳು ಸಾಲು ತಪ್ಪಿ, ಕಲಸಿ ಬರುವುದು. ಧ್ವನಿ, ಚಕ್ರ, ಸ್ಟೀಲ್ ಬೆನ್ನು ಇದರ ಬಗ್ಗೆಯೆಲ್ಲ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಲಿಕ್ಕಿರುವುದು ಶಫಲ್ ವಿಷಯ ಮಾತ್ರ.

ನನ್ನ ಸಂಗ್ರಹ ಒಂಥರಾ ಕಲಸುಮೇಲೋಗರ. ಭಾವಗೀತೆ, ಹಳೆ ಸಿನಿಮಾ ಹಾಡು, ತುಳು, ಕೊಂಕಣಿ, ಅಮ್ಮನ ಭಜನೆ. ಇದರ ಮೇಲೆ ಅಪ್ಪನ ಯಕ್ಷಗಾನ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳು. ಅವನ್ನು ನಾನೇ ಕೂತು ಕಂಪ್ಯೂಟರಿಗೆ ಇಳಿಸಿದ್ದು. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಅಂದರೆ ಅರ್ಧ ಗಂಟೆಯ ಒಂದೇ ಟ್ರ್ಯಾಕ್.

ಒಂದು ಸಂಜೆ ಧಾರವಾಡದ ಸಹೋದ್ಯೋಗಿಯೊಬ್ಬರು ಜೊತೆಗಿದ್ದರು. ಕೂಳೂರು ಸೇತುವೆಯ ಹತ್ತಿರ ಎಂದಿನಂತೆ ಗಾಡಿಗಳ ಸಾಲು. ಮೆಲ್ಲಗೆ ಭಾವಗೀತೆ ಬರುತ್ತಿತ್ತು. ಅದು ಮುಗಿದದ್ದೇ ತಡ, ಚೆಂಡೆ ಸಿಡಿಯಿತು. ಹಿಂದೆಯೇ ಅರ್ಥಧಾರಿಯ, ಅಂದರೆ ಪಾತ್ರದ ಮಾತಾಡುವವರ, ಅಬ್ಬರ.

"ಯಾರ್ರೀ ಇವ್ರು? ಯಾರಿಗೆ ಇಷ್ಟು ಬೈಯಾಕತ್ತಾರ?"

"ಭೀಮ ಮಾರಾಯ್ರೆ. ದುರ್ಯೋಧನನಿಗೆ."

ಸುರತ್ಕಲ್ ದಾಟಿದರೂ ಭೀಮ ನಿಲ್ಲಿಸಲಿಲ್ಲ.

ಹಾಗಾದ್ರೆ ಡಿಲೀಟ್ ಮಾಡಿ ಅಂದವರಿದ್ದಾರೆ. ಯಾಕೆ ಮಾಡಬೇಕು? ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತು, ಒಂದು ಪ್ರಸಂಗವನ್ನು ಮೊದಲಿಂದ ಕೇಳುವುದು ನನಗೆ ಬಹಳ ಇಷ್ಟ. ಎರಡು ಸಿನಿಮಾ ಹಾಡಿನ ಮಧ್ಯೆ ಅದರ ತುಂಡು ಬಂದು ಬೀಳುವುದು ಬೇಡ, ಅಷ್ಟೇ.

ಇದಕ್ಕೆ ಐಟ್ಯೂನ್ಸ್‌ನಲ್ಲಿ (ಐಪಾಡಿಗೆ ಹಾಡು ತುಂಬಿಸುವ ಕಂಪ್ಯೂಟರ್ ಪ್ರೋಗ್ರಾಂ) ಒಂದು ಚಿಕ್ಕ ಚೌಕ ಉಂಟು. ಟ್ರ್ಯಾಕ್ ಆರಿಸಿ, ವಿಂಡೋಸ್ ಆದರೆ ಕಂಟ್ರೋಲ್ ಮತ್ತು ಐ ಒತ್ತಿ. ಆಪ್ಷನ್ಸ್‌ಗೆ ಹೋಗಿ 'ಸ್ಕಿಪ್ ವೆನ್ ಶಫಲಿಂಗ್' ಎಂಬಲ್ಲಿ ಟಿಕ್ ಹಾಕಿ, ಐಪಾಡನ್ನು ಕಂಪ್ಯೂಟರಿಗೆ ಜೋಡಿಸಿ ಸಿಂಕ್ ಮಾಡಿ, ಅಂದರೆ ಎರಡನ್ನೂ ಸರಿಹೊಂದಿಸಿ. ಆಮೇಲೆ ಶಫಲ್‌ನಲ್ಲಿ ಆ ಟ್ರ್ಯಾಕ್ ಬರುವುದಿಲ್ಲ. ನಾವಾಗಿ ಹುಡುಕಿ ಒತ್ತಿದರೆ ಬರುತ್ತದೆ. ನೂರಾರು ಟ್ರ್ಯಾಕ್‌ಗಳನ್ನು ಒಟ್ಟಿಗೆ ಆರಿಸಿ ಒಂದೇ ಸಲ ಟಿಕ್ ಹಾಕಬಹುದು. ಅದೇ ಜಾಗದಲ್ಲಿ 'ರಿಮೆಂಬರ್ ಪ್ಲೇಬ್ಯಾಕ್ ಪೊಸಿಷನ್' ಅಂತಲೂ ಇದೆ. ಉದ್ದದ ತಾಳಮದ್ದಳೆಗೆ ಅದನ್ನೂ ಹಾಕಿಬಿಡಿ. ನಿನ್ನೆ ನಿದ್ದೆ ಬಂದು ನಿಲ್ಲಿಸಿದಲ್ಲಿಂದಲೇ ಇವತ್ತು ಶುರುವಾಗುತ್ತದೆ.

ಅಮ್ಮನ ಭಜನೆಗೂ ಟಿಕ್ ಹಾಕಿದ್ದು ನನ್ನ ತಪ್ಪು. ಅಮ್ಮನಿಗೆ ಭಜನೆ ಶಫಲ್‌ನಲ್ಲೇ ಬೇಕು, ದಿನಾ ಅದೇ ಸಾಲಿನಲ್ಲಿ ಕೇಳಿದರೆ ಬೇಜಾರಂತೆ. ಆದರೆ ಟಿಕ್ ಹಾಕಿದ ಟ್ರ್ಯಾಕ್ ಭಜನೆಯದ್ದೇ ಪ್ಲೇಲಿಸ್ಟ್‌ನ ಶಫಲ್‌ನಲ್ಲೂ ಬರುವುದಿಲ್ಲ. "ಎಂತ ಮಗಾ, ನನ್ನ ಭಜನೆ ಎಲ್ಲ ಎಲ್ಲಿಗೆ ಹೋಯ್ತು?" ಅಂತ ಕೇಳಿದ ಮೇಲೆ ನನಗೆ ಬುದ್ಧಿ ಬಂತು. ಯಾವತ್ತೂ ಶಫಲ್ ಮಾಡದ್ದಕ್ಕೆ ಮಾತ್ರ ಟಿಕ್. ತಮ್ಮತಮ್ಮಲ್ಲಿ ಕಲೆಯಬೇಕು, ಬೇರೆಯದರ ಜೊತೆ ಸೇರಬಾರದು ಅನ್ನುವುದಕ್ಕೆ ಸ್ಮಾರ್ಟ್ ಪ್ಲೇಲಿಸ್ಟ್, ಅಂದರೆ ನಾವು ಹಾಕಿದ ನಿಯಮದ ಪ್ರಕಾರ ತಾನಾಗಿ ತುಂಬುವ ಪಟ್ಟಿ.

ನನ್ನ 'ಕಾರು' ಪ್ಲೇಲಿಸ್ಟ್‌ನ ನಿಯಮ ಇಷ್ಟು: ಜಾನರ್ (ಹಾಡಿನ ಬಗೆ) ಭಜನೆ ಆಗಿರಬಾರದು, ಯಕ್ಷಗಾನ ಆಗಿರಬಾರದು, ಉದ್ದ 10 ನಿಮಿಷದ ಒಳಗಿರಬೇಕು, ಕಳೆದ 2 ತಿಂಗಳಲ್ಲಿ ನಾನು ಸ್ಕಿಪ್ ಮಾಡಿರಬಾರದು. ಕೊನೆಯದು ನನಗೆ ಜಾಸ್ತಿ ಹಿಡಿಸಿತು. ದಾರಿಯಲ್ಲಿ ಸ್ಕಿಪ್ ಮಾಡಿದ ಲೆಕ್ಕ ಸಿಂಕ್ ಮಾಡುವಾಗ ಕಂಪ್ಯೂಟರಿಗೆ ಹೋಗುತ್ತದೆ. ಕೇಳಿ ಕೇಳಿ ಸಾಕಾದ ಹಾಡು ಎರಡು ತಿಂಗಳು ರಜೆ ಹಾಕಿ ತಾನಾಗಿ ವಾಪಸ್ ಬರುತ್ತದೆ. ಐಪಾಡಿನ ಸೆಟ್ಟಿಂಗ್ಸ್‌ನಲ್ಲಿ ಆಲ್ಬಂ ಪ್ರಕಾರ ಶಫಲ್ ಮಾಡುವ ದಾರಿಯೂ ಉಂಟು. ಸಿಕ್ಕಿದ ಆಲ್ಬಂ ಪೂರ್ತಿ ಮುಗಿಯಬೇಕು, ನನಗೆ ತಾಳ್ಮೆ ಇಲ್ಲ.

ಈಗ ಕಹಿ ಭಾಗ. 2017ರಲ್ಲಿ ನನ್ನ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಹೋಯಿತು. ಎಂಪಿ3 ಎಲ್ಲದರ ಬ್ಯಾಕಪ್ ಇತ್ತು, ಐಟ್ಯೂನ್ಸ್ ತನ್ನ ಲೆಕ್ಕವೆಲ್ಲ ಬರೆದಿಡುವ ಲೈಬ್ರರಿ ಫೈಲಿನದ್ದು ಇರಲಿಲ್ಲ. ನಾನೇ ಮಾಡಿಟ್ಟಿರಲಿಲ್ಲ, ಯಾರನ್ನು ದೂರುವುದು? ಹಾಡುಗಳೆಲ್ಲ ಬಂದವು, ಟಿಕ್ ಒಂದೂ ಬರಲಿಲ್ಲ. ಆ ಟಿಕ್ ಇರುವುದು ಐಟ್ಯೂನ್ಸ್‌ನ ಲೈಬ್ರರಿಯಲ್ಲಿ, ಹಾಡಿನ ಫೈಲಿನಲ್ಲಿ ಅಲ್ಲ. ಜಾನರ್ ಹಾಗಲ್ಲ, ಎಂಪಿ3 ಫೈಲಿನ ಒಳಗೇ ಬರೆದಿರುತ್ತದೆ. ಪುಣ್ಯಕ್ಕೆ ಯಕ್ಷಗಾನ ಅಂತ ಜಾನರ್ ತುಂಬಿಸಿಟ್ಟಿದ್ದೆ. ಅದನ್ನು ಹುಡುಕಿ, ಎಲ್ಲ ಆರಿಸಿ, ಮತ್ತೆ ಟಿಕ್ ಹಾಕಲು ಐದು ನಿಮಿಷ ಸಾಕಾಯಿತು. ಜಾನರ್ ಖಾಲಿ ಬಿಟ್ಟ ಕೆಲವು ಕ್ಯಾಸೆಟ್‌ಗಳು 'ಟ್ರ್ಯಾಕ್ 01' ಅನ್ನುವ ಹೆಸರಲ್ಲಿ ಅಡಗಿ ಕೂತಿದ್ದವು. ಒಂದು ಬೆಳಿಗ್ಗೆ ಕಾಪು ದಾಟುವಾಗ ಮಂಗಳ ಪದ್ಯ ಶುರುವಾಯಿತು. ರಾತ್ರಿಯಿಡೀ ಆಟ ಆಗಿ ಬೆಳಗ್ಗೆ ಹಾಡುವುದೇ ಅದು, ಸಮಯ ಸರಿಯಾಗಿಯೇ ಇತ್ತು ಅನ್ನಿ.

ಇನ್ನೊಂದು ಕೊರತೆ: ಟಿಕ್ ಹಾಕುವ ಕೆಲಸ ಐಪಾಡಿನಲ್ಲೇ ಆಗುವುದಿಲ್ಲ, ಕಂಪ್ಯೂಟರ್ ಬೇಕೇ ಬೇಕು. ದಾರಿಯಲ್ಲಿ ನೆನಪಿಟ್ಟುಕೊಂಡು ಮನೆಗೆ ಬಂದು ಮಾಡಬೇಕು. ನನಗೆ ಅರ್ಧ ಮರೆತುಹೋಗುತ್ತದೆ.

ಹೆಂಡತಿಯ ಆಂಡ್ರಾಯ್ಡ್ ಫೋನಿನಲ್ಲಿ ತೊಂದರೆಯೇ ಬೇರೆ. ಹಾಡಿನ ಮಧ್ಯೆ ಅವಳ ಕಾಲ್ ರೆಕಾರ್ಡಿಂಗ್, ಗ್ರೂಪಿನಲ್ಲಿ ಬಂದ ಆಡಿಯೊ. ಆ ಫೋಲ್ಡರುಗಳ ಒಳಗೆ 'ಡಾಟ್ ನೋಮೀಡಿಯ' ಅನ್ನುವ ಖಾಲಿ ಫೈಲ್ ಹಾಕಿಟ್ಟೆ, ಅದಿದ್ದರೆ ಆ ಫೋಲ್ಡರಿನ ಆಡಿಯೊ ಹಾಡಿನ ಪಟ್ಟಿಗೆ ಸೇರುವುದಿಲ್ಲ. ಇಂಗ್ಲಿಷಿನಲ್ಲಿ ಚುಕ್ಕಿಯಿಂದ ಶುರುವಾಗುವ ಸಣ್ಣಕ್ಷರದ ಹೆಸರು, ಮಧ್ಯೆ ಜಾಗ ಬಿಡಬಾರದು. ಫೋಟೊ ಇರುವ ಫೋಲ್ಡರಿಗೆ ಮಾತ್ರ ಹಾಕಬೇಡಿ, ಗ್ಯಾಲರಿಯಿಂದಲೂ ಮಾಯವಾಗುತ್ತವೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಈಗ ಕೊಳ್ಳುವುದಾದರೆ ಹಳೆಯದೇ ಗತಿ. ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್, ಕಿವಿಗೆ ಹಿಡಿದು ಟಕ್ ಟಕ್ ಶಬ್ದ ಇಲ್ಲ ಅಂತ ನೋಡಿ. ಹೆಡ್‌ಫೋನ್ ತೂತನ್ನೂ ನೋಡಿ, ನಮ್ಮ ಕಡೆಯ ಮಳೆಗಾಲದಲ್ಲಿ ಅದು ಹಸಿರು ಹಿಡಿಯುತ್ತದೆ. ಐಪಾಡನ್ನು ಕಂಪ್ಯೂಟರಿಗೆ ಜೋಡಿಸುವ 30 ಪಿನ್ನಿನ ಕೇಬಲ್ ಸಿಕ್ಕಿದರೆ ಎರಡು ತೆಗೆದಿಡಿ. ಅಂಗಡಿಯಲ್ಲಿ ಅದನ್ನು ಕೇಳಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ.