ಇಳಕಲ್ ಸೀರೆ: ದಡಿಗಿಂತ ಮೊದಲು ಜೋಡಣೆ ನೋಡಿ

ಇಳಕಲ್ ಸೀರೆ ಕೈಗೆ ಬಂದರೆ ಮೊದಲು ಸೆರಗು ಬಿಚ್ಚಿ, ಒಡಲೂ ಸೆರಗೂ ಕೂಡುವ ಗೆರೆಯ ಮೇಲೆ ಬೆರಳಾಡಿಸಿ. ಒಂದು ದಡಿಯಿಂದ (ಅಂಚಿನಿಂದ) ಇನ್ನೊಂದು ದಡಿಯವರೆಗೆ ತೆಳ್ಳಗೆ ಉಬ್ಬಿದ ನೇರ ಗೆರೆ ಬೆರಳಿಗೆ ಸಿಗಬೇಕು. ಆ ಗೆರೆಯ ಆಚೆ ಅಪ್ಪಟ ಕೆಂಪು, ಈಚೆ ಅಪ್ಪಟ ಒಡಲಿನ ಬಣ್ಣ. ನಡುವೆ ಎರಡೂ ಬೆರೆತು ಮಬ್ಬಾದ ಪಟ್ಟಿ ಇರಕೂಡದು. ಈ ಜೋಡಣೆಗೇ ಟೋಪ ತೆನಿ ಎನ್ನುತ್ತಾರೆ. ಇಳಕಲ್ ಸೀರೆಯ ಜೀವ ಇರುವುದು ಇಲ್ಲೇ. ಇದು ಸರಿ ಇದ್ದರೆ ಉಳಿದ ಸಣ್ಣಪುಟ್ಟ ಕೊರತೆಯನ್ನು ಒಪ್ಪಿಕೊಳ್ಳಬಹುದು. ಇದೇ ಇಲ್ಲದಿದ್ದರೆ ದಡಿ ಎಷ್ಟೇ ಚೆಂದವಿರಲಿ, ಅದಕ್ಕೆ ಇಳಕಲ್ ಸೀರೆಯ ಬೆಲೆ ಕೊಡಬೇಡಿ.

ಬೇರೆ ಸೀರೆಗಳಲ್ಲಿ ಸಾಮಾನ್ಯವಾಗಿ ಒಡಲಿನ ಹಾಸೇ, ಅಂದರೆ ಉದ್ದಕ್ಕೆ ಹೂಡಿದ ಎಳೆಗಳೇ, ಸೆರಗಿನ ತುದಿಯವರೆಗೂ ಓಡುತ್ತದೆ. ಹಸಿರು ಹಾಸಿಗೆ ಕೆಂಪು ಹೊಕ್ಕು, ಅಂದರೆ ಅಡ್ಡ ಎಳೆ, ಹಾಕಿ ನೇಯ್ದರೆ ಸೆರಗಿನ ಕೆಂಪಿನಲ್ಲಿ ಹಸಿರು ಇಣುಕಿಯೇ ಇಣುಕುತ್ತದೆ. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿಗೊಂದು ಹಾಸು, ಸೆರಗಿಗೊಂದು ಹಾಸು, ಎರಡನ್ನೂ ಬೇರೆಬೇರೆ ಹೂಡುತ್ತಾರೆ. ಒಡಲಿನದು ಹತ್ತಿ ಅಥವಾ ರೇಷ್ಮೆ. ಸೆರಗಿನದು ರೇಷ್ಮೆ ಅಥವಾ ಚಮಕಾ, ಅಂದರೆ ಆರ್ಟ್ ಸಿಲ್ಕ್ ಎನ್ನುವ ಕೃತಕ ರೇಷ್ಮೆ. ಒಂದು ಹಾಸಿನ ಎಳೆಗಳ ತುದಿಯಲ್ಲಿರುವ ಕುಣಿಕೆಗಳಲ್ಲಿ ಇನ್ನೊಂದು ಹಾಸಿನ ಎಳೆಗಳನ್ನು ತೂರಿಸಿ, ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ. ಲೆಕ್ಕ ಹಾಕಿ ನೋಡಿ: ಸೀರೆಯ ಅಗಲ 46 ಇಂಚು, ಇಂಚಿಗೆ 70 ಎಳೆ ಎಂದುಕೊಂಡರೆ ಒಟ್ಟು 3,220 ಎಳೆ. ಎರಡೆರಡು ಎಳೆಗೊಂದು ಕುಣಿಕೆ ಎಂದರೂ 1,610 ಕುಣಿಕೆ. ಅದೂ ಒಂದು ಸೀರೆಗೆ. ಮುಂದಿನ ಸೀರೆಗೆ ಮತ್ತೆ ಮೊದಲಿಂದ. ಇದೇ ಕಾರಣಕ್ಕೆ ಇಲ್ಲಿ ಹಾಸನ್ನು 6, 8 ಅಥವಾ 9 ಗಜ ಎಂದು ಒಂದೊಂದು ಸೀರೆಯ ಅಳತೆಗೆ ಹೂಡುವ ರೂಢಿ ಬಂದಿದೆ.

ಜೋಡಣೆ ಕೆಡುವುದು ಬಹುಮಟ್ಟಿಗೆ ಬಿಗಿಯ ಏರುಪೇರಿನಿಂದ. ಹತ್ತಿ ಎಳೆಯೂ ರೇಷ್ಮೆ ಎಳೆಯೂ ಜಗ್ಗುವ ರೀತಿ ಒಂದೇ ಅಲ್ಲ. ಕೂಡಿಸುವಾಗ ಕೆಲವು ಎಳೆ ಸಡಿಲ ಉಳಿದರೆ ಗೆರೆಯ ಬದಿಯಲ್ಲಿ ಬಟ್ಟೆ ಉಬ್ಬುತ್ತದೆ. ಕುಣಿಕೆಗಳು ಉದ್ದಗಿಡ್ಡ ಆದರೆ ಗೆರೆ ಹಾವು ಹರಿದಂತೆ ಡೊಂಕಾಗಿ, ಅಲ್ಲಲ್ಲಿ ಬೆಳಕು ಕಾಣುವಷ್ಟು ಸಂದು ಬೀಳುತ್ತದೆ. ಸೀರೆಯನ್ನು ಬೆಳಕಿಗೆ ಎತ್ತಿ ಹಿಡಿದು ಈ ಗೆರೆಯೊಂದನ್ನೇ ಉದ್ದಕ್ಕೂ ನೋಡಿ. ಒಂದೆರಡು ಚುಕ್ಕೆಯಷ್ಟು ಸಂದು ಕೈಕೆಲಸದಲ್ಲಿ ಸಹಜ. ಬೆರಳಗಲ ಸಂದಿದ್ದರೆ ಬೇಡ. ಉಟ್ಟಾಗ ಹೆಗಲಿನ ಎಳೆತ ಬೀಳುವುದು ಈ ಗೆರೆಯ ಆಸುಪಾಸಿನಲ್ಲೇ, ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಇಷ್ಟು ನಾಜೂಕಿನ ಕೆಲಸ ಬಾಗಲಕೋಟೆ ಜಿಲ್ಲೆಯ ಈ ಭಾಗದಲ್ಲೇ ಯಾಕೆ ನೆಲೆ ನಿಂತಿತು ಎನ್ನುವುದಕ್ಕೂ ಉತ್ತರ ಸೀರೆಯಲ್ಲೇ ಇದೆ. 2019-20ರ ಕೈಮಗ್ಗ ಗಣತಿ ಪ್ರಕಾರ ಇಡೀ ದೇಶದಲ್ಲಿ ಕೈಮಗ್ಗದ ಕೆಲಸಗಾರರು ಸುಮಾರು 35 ಲಕ್ಷ. ದುಡಿಯುವ ನೂರು ಜನರಲ್ಲಿ ಒಬ್ಬರೂ ಆಗುವುದಿಲ್ಲ. ಇಳಕಲ್, ಗುಳೇದಗುಡ್ಡ, ಕಮತಗಿ, ಸೂಳೇಭಾವಿ ಕಡೆಯ ನೇಕಾರ ಓಣಿಗಳಲ್ಲಿ ಆ ಲೆಕ್ಕವೇ ಬೇರೆ. ಒಬ್ಬ ನೇಕಾರ ಮಗ್ಗ ಹೂಡಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ಟೋಪ ತೆನಿ ಸೀರೆ ಒಬ್ಬನ ಕೆಲಸವಲ್ಲ. ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ಗಂಜಿ ಕೊಡುವವರು, ಕಂಡಿಕೆಗೆ ನೂಲು ಸುತ್ತುವವರು, ಕುಣಿಕೆ ಕೂಡಿಸುವವರು, ದಡಿಯ ವಿನ್ಯಾಸಕ್ಕೆ ಮಗ್ಗ ಸಜ್ಜು ಮಾಡುವವರು, ನೂಲು ಕೊಟ್ಟು ಸೀರೆಗಿಷ್ಟು ಕೂಲಿ ಎಂದು ನೇಯಿಸುವ ಸಾಹುಕಾರರು, ಎಲ್ಲರೂ ನಡೆದು ಹೋಗುವ ದೂರದಲ್ಲಿ ಇರಬೇಕು. ಒಂದು ಕೊಂಡಿ ಕಳಚಿದರೂ ಮಗ್ಗ ಸುಮ್ಮನೆ ಕೂರುತ್ತದೆ. ಹಾಗಾಗಿ ಕಸುಬು ಚದುರಲಿಲ್ಲ, ಒಂದೇ ಕಡೆ ದಟ್ಟವಾಯಿತು. (ಇದೇ ಇಳಕಲ್ ಕೆಂಪು ಗ್ರಾನೈಟಿಗೂ ಹೆಸರುವಾಸಿ. ಕಲ್ಲಿನ ಕೆಲಸ ಕಲ್ಲು ಸಿಗುವಲ್ಲಿ ನಿಂತಿತು, ನೇಯ್ಗೆ ಕೈಗಳು ಸಿಗುವಲ್ಲಿ ನಿಂತಿತು.)

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಕಷ್ಟವೇನಲ್ಲ. ಸೆರಗಿನ ತುದಿಯಲ್ಲಿ ಹೊಕ್ಕಿಲ್ಲದೆ ಇಳಿಬಿಟ್ಟ ಹಾಸಿನ ಎಳೆಗಳಿರುತ್ತವೆ. ಅವುಗಳ ಬಣ್ಣ ನೋಡಿ. ಒಡಲು ಹಸಿರು, ತುದಿಯ ಎಳೆ ಕೆಂಪು ಎಂದರೆ ಹಾಸು ಬದಲಾಗಿದೆ, ಜೋಡಣೆ ನಿಜ. ತುದಿಯ ಎಳೆಯೂ ಹಸಿರೇ ಆಗಿದ್ದರೆ ಒಂದೇ ಹಾಸು ಕೊನೆಯವರೆಗೂ ಓಡಿದೆ. ಮಾರುವವರು ಏನೇ ಹೇಳಲಿ, ಅದು ಟೋಪ ತೆನಿ ಅಲ್ಲ. ಒಡಲೇ ಕೆಂಪಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಹಿಂಬದಿ ತಿರುಗಿಸಿ ಕುಣಿಕೆಗಳ ಸಾಲು ಹುಡುಕಿ.

ಸೆರಗು ರೇಷ್ಮೆಯದು ಎಂದು ದುಡ್ಡು ಕೇಳಿದರೆ, ಅದೇ ತುದಿಯಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಲು ಕೇಳಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಚಮಕಾ ಕಾಗದದಂತೆ ಸರ್ರನೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಕೊಡಲೊಲ್ಲೆ ಎನ್ನುವ ಅಂಗಡಿಯಲ್ಲಿ ಅಪ್ಪಟ ರೇಷ್ಮೆಯ ಗುರುತಾದ ಸಿಲ್ಕ್ ಮಾರ್ಕ್ ಚೀಟಿಯನ್ನಾದರೂ ಕೇಳಿ ಪಡೆಯಿರಿ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆ, 2006ರಿಂದ ಜಾರಿಯಲ್ಲಿದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯೂ (ಇಂಥ ಊರಿನದೇ ಎಂದು ಗುರುತಿಸುವ ಜಿಐ ಟ್ಯಾಗ್) ಸಿಕ್ಕಿದೆ. ಆದರೆ ಡಬ್ಬಿಯ ಮೇಲೆ ಅದರ ಹೆಸರು ಅಚ್ಚಾಗಿದೆ ಎಂದಷ್ಟಕ್ಕೆ ನಂಬಬೇಡಿ, ತುದಿಯ ಎಳೆಯನ್ನು ನೋಡಿಯೇ ನಂಬಿ.

ಸೆರಗಿನ ಮಾದರಿ ಹೀಗೆ: ಮೂರು ಕೆಂಪು ಭಾಗ, ಅವುಗಳ ನಡುವೆ ಎರಡು ಬಿಳಿ ಭಾಗ. ಬಿಳಿಯ ಅಂಚಿನಲ್ಲಿ ಹಲ್ಲುಹಲ್ಲಾದ ಚಿತ್ತಾರ. ಬಾಚಣಿಗೆಯ ಹಲ್ಲಿನಂತಿದ್ದರೆ ಹಣಿಗೆ, ಕೋಟೆಯ ತೆನೆಯಂತಿದ್ದರೆ ಕೋಟಿ ಕಮ್ಲಿ, ಜೋಳದ ತೆನೆಯದು ಒಂದು, ಗುಡ್ಡದ ಸಾಲಿನದು ಇನ್ನೊಂದು. ಒಳ್ಳೆಯ ನೇಯ್ಗೆಯಲ್ಲಿ ಪ್ರತಿ ಹಲ್ಲಿನ ತುದಿ ಚೂಪಾಗಿ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅವಸರದ ಕೆಲಸದಲ್ಲಿ ತುದಿಗಳು ಮೊಂಡಾಗಿರುತ್ತವೆ, ಹಿಂಬದಿಯಲ್ಲಿ ಬಿಳಿ ಎಳೆಗಳು ಜೋತಾಡುತ್ತವೆ. ಕಾಲುಂಗುರಕ್ಕೆ, ಬಳೆಗೆ ಸಿಕ್ಕಿ ಕಿತ್ತುಬರುವುದು ಆ ಜೋತ ಎಳೆಗಳೇ. ಅಗ್ಗದ ಸೀರೆಗಳಲ್ಲಿ ಈ ಬಿಳಿ ಪಟ್ಟಿಯನ್ನು ಪ್ರಿಂಟ್ ಹಾಕಿರುವುದೂ ಉಂಟು, ಹಿಂಬದಿ ನೋಡಿದರೆ ಬಣ್ಣ ಪೇಲವವಾಗಿ ಕಾಣುತ್ತದೆ.

ದಡಿಯಲ್ಲಿ ಚಿಕ್ಕಿ, ಗೋಮಿ, ಗಾಡಿದಡಿ, ಜರಿ ಹಳೆಯವು, ಗಾಯತ್ರಿ ಈಚಿನದು. ಅಗಲ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕು ಇಂಚು, ಬಣ್ಣ ಹೆಚ್ಚಾಗಿ ಕೆಂಪು ಇಲ್ಲವೇ ಮರೂನ್. ಯಾವುದು ಚೆಂದ ಎನ್ನುವುದು ಅವರವರ ಇಷ್ಟ. ನೋಡಬೇಕಾದದ್ದು ಕೊಂಡಿ ನೇಯ್ಗೆ ಹೌದೋ ಅಲ್ಲವೋ ಎಂಬುದನ್ನು. ಕೊಂಡಿಯಲ್ಲಿ ಎರಡು ದಡಿಗೆ ಎರಡು ಲಾಳಿ (ಹೊಕ್ಕಿನ ನೂಲನ್ನು ಅಡ್ಡಕ್ಕೆ ಒಯ್ಯುವ ಸಾಧನ), ಒಡಲಿಗೆ ಒಂದು, ಒಟ್ಟು ಮೂರು ಲಾಳಿ ಓಡುತ್ತವೆ. ದಡಿಯ ಹೊಕ್ಕೂ ಒಡಲಿನ ಹೊಕ್ಕೂ ಒಂದಕ್ಕೊಂದು ಸಿಕ್ಕಿಸಿಕೊಂಡು ಹಿಂದಿರುಗುತ್ತವೆ. ಹಾಗಾಗಿ ದಡಿಯ ಕೆಂಪು ದಡಿಯಲ್ಲೇ, ಒಡಲಿನ ನೀಲಿ ಒಡಲಲ್ಲೇ. ಒಂದೇ ಲಾಳಿಯ ಸೀರೆಯಲ್ಲಿ ಒಡಲಿನ ಹೊಕ್ಕು ದಡಿಯನ್ನೂ ಹಾಯುವುದರಿಂದ ದಡಿಯ ಬಣ್ಣ ಮಂಕಾಗುತ್ತದೆ. ಅದು ದೋಷವಲ್ಲ, ಬೆಲೆ ಕಡಿಮೆ ಇರಬೇಕು ಅಷ್ಟೇ.

ಕೊಳ್ಳುವವರಿಗೆ ಎದುರಾಗುವ ಆಯ್ಕೆ ಮೂರು. ಹತ್ತಿ ಒಡಲಿಗೆ ಚಮಕಾ ಸೆರಗು, ಹತ್ತಿ ಒಡಲಿಗೆ ರೇಷ್ಮೆ ಸೆರಗು, ಪೂರ್ತಿ ರೇಷ್ಮೆ. ದುಡ್ಡಿಗೆ ಸರಿಯಾದ ಸೀರೆ ನಡುವಿನದೇ. ಒಡಲು ಬೇಸಿಗೆಗೆ ಹಿತ, ಸೆರಗು ವರ್ಷಗಟ್ಟಲೆ ಹೊಳಪು ಬಿಡುವುದಿಲ್ಲ. ಚಮಕಾ ಸೆರಗಿನ ತೊಂದರೆ ಒದ್ದೆಯಾದಾಗ ಗೊತ್ತಾಗುತ್ತದೆ: ಆ ನೂಲು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ, ಹಿಂಡಿದರೆ ಜೋಡಣೆಯ ಹತ್ತಿರವೇ ಹರಿಯುತ್ತದೆ. ದಿನಬಳಕೆಗೆ ಬೇಕಾದವರು ಇದನ್ನು ತಿಳಿದೇ ತೆಗೆದುಕೊಳ್ಳಲಿ. ಪೂರ್ತಿ ರೇಷ್ಮೆಯದು ಮದುವೆಗೆ ಸರಿ, ಆದರೆ ಅಷ್ಟು ದುಡ್ಡಿಗೆ ಬೇರೆ ರೇಷ್ಮೆ ಸೀರೆಗಳೂ ಇವೆ. ಹತ್ತಿಯೂ ರೇಷ್ಮೆಯೂ ಒಂದೇ ಸೀರೆಯಲ್ಲಿ ಹೀಗೆ ಕೂಡುವುದು ಮಾತ್ರ ಇಳಕಲ್ಲಿನಲ್ಲೇ.

ಪವರ್‌ಲೂಮ್ ಇಳಕಲ್ ಬಗ್ಗೆ ಎರಡು ಮಾತು. ಪವರ್‌ಲೂಮಿಗೆ ಹಾಸು ನೂರಾರು ಮೀಟರ್ ಒಟ್ಟಿಗೆ ಹೋಗಬೇಕು. ಸೀರೆಗೊಮ್ಮೆ ನಿಲ್ಲಿಸಿ ಸಾವಿರಾರು ಎಳೆ ಕೂಡಿಸುತ್ತ ಕೂತರೆ ಅದರ ಲಾಭವೇ ಹೋಯಿತು. ಆದ್ದರಿಂದ ಅಲ್ಲಿ ಜೋಡಣೆ ಇರುವುದಿಲ್ಲ. ಬಟ್ಟೆ ಒಂದೇ ಸಮ, ಬೆಲೆ ನೂರುಗಳಲ್ಲಿ. ಹೊಲಕ್ಕೆ, ಮನೆಗೆಲಸಕ್ಕೆ ಉಡಲು ಏನೂ ಕೊರತೆಯಿಲ್ಲ. ಅದನ್ನೇ ಕೈಮಗ್ಗದ್ದೆಂದು ಸಾವಿರಗಳಿಗೆ ಮಾರುವುದು ಮೋಸ, ಕೂಲಿ ಕಡಿಮೆಯಾಗಿ ಮಗ್ಗ ಬಿಡುತ್ತಿರುವ ನೇಕಾರನಿಗೆ ಎಸಗುವ ಅನ್ಯಾಯವೂ ಹೌದು. ಕೈಮಗ್ಗದ ಗುರುತು ಬೇಕೆಂದರೆ ದಡಿಯ ಹೊರಅಂಚಿನಲ್ಲಿ ಜೋಡಿಜೋಡಿಯಾದ ಸಣ್ಣ ತೂತು ಹುಡುಕಿ. ಅಗಲ ಕುಗ್ಗದಂತೆ ಬಟ್ಟೆಯನ್ನು ಹಿಗ್ಗಿಸಿ ಹಿಡಿಯುವ ಕಡ್ಡಿಯ ಮೊನೆ ಚುಚ್ಚಿದ ಗುರುತು ಅದು. ಒಡಲಿನಲ್ಲಿ ಅಲ್ಲಲ್ಲಿ ಹೊಕ್ಕು ತುಸು ಒತ್ತೊತ್ತಾಗಿ, ತುಸು ಬಿಡಿಯಾಗಿ ಕಂಡರೆ ಅದೂ ಕೈಯದೇ.

ಕಸೂತಿ ಇರುವ ಸೀರೆ ಕೊಳ್ಳುವುದಾದರೆ ಹಿಂಬದಿ ತಿರುಗಿಸಿ. ಗವಂತಿ, ಮುರ್ಗಿ ಎನ್ನುವ ಕಸೂತಿ ಹೊಲಿಗೆಗಳಲ್ಲಿ ಎರಡೂ ಬದಿ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಗೋಪುರ, ತೇರಿನ ಗೆರೆಗಳು ಮೆಟ್ಟಿಲುಮೆಟ್ಟಿಲಾಗಿ ನೇರ ಬರುತ್ತವೆ. ಮೆಷಿನ್ ಕೆಲಸದಲ್ಲಿ ಹಿಂದೆ ಬೇರೆ ಬಣ್ಣದ ದಾರ, ಒಮ್ಮೊಮ್ಮೆ ಅಂಟಿಸಿದ ತೆಳು ಬಟ್ಟೆ. ಚಂದ್ರಕಾಳಿ ಎನ್ನುವ ಕಪ್ಪು ಸೀರೆಯ ಮೇಲೆ ಬಿಳಿ ಕಸೂತಿಯಷ್ಟು ಒಪ್ಪುವುದು ಇನ್ನೊಂದಿಲ್ಲ. ಸಾಂಪ್ರದಾಯಿಕ ಸೀರೆಗೆ ಕುಪ್ಪಸದ ಬಟ್ಟೆ ಸೇರಿರುವುದಿಲ್ಲ, ಗುಳೇದಗುಡ್ಡದ ಖಣವನ್ನು ಬೇರೆ ಕೊಳ್ಳಬೇಕು.

ಮನೆಗೆ ತಂದ ಸೀರೆ ಹಾಳಾಗುವುದು ಹೆಚ್ಚಾಗಿ ಮೊದಲ ತೊಳೆತದಲ್ಲಿ. ಸೆರಗಿನ ಕೆಂಪು ಪಕ್ಕದ ಬಿಳಿಗೆ ಇಳಿಯುತ್ತದೆ. ಕಾರಣ ನೆನೆಸಿಡುವುದು, ಇಲ್ಲವೇ ಒದ್ದೆ ಸೀರೆಯನ್ನು ಮಡಿಸಿ ಬಕೆಟ್ಟಿನಲ್ಲಿ ಬಿಡುವುದು. ಮೊದಲ ಕೆಲವು ಸಲ ತಣ್ಣೀರು, ಸೋಪಿಲ್ಲ, ಜೊತೆಗೆ ಬೇರೆ ಬಟ್ಟೆಯಿಲ್ಲ. ಒಡಲನ್ನು ಮೊದಲು ಅದ್ದಿ ತೆಗೆದು, ಸೆರಗನ್ನು ಬೇರೆ ನೀರಿನಲ್ಲಿ ಜಾಲಿಸಿ, ಹಿಂಡದೆ, ತಕ್ಷಣ ನೆರಳಲ್ಲಿ ಪೂರ್ತಿ ಹರವಿ ಒಣಗಿಸಿ. ಮಡಿಕೆಯ ಮೇಲೆ ಮಡಿಕೆ ಬಿದ್ದರೆ ಅಲ್ಲೇ ಕಲೆ. ಪೂರ್ತಿ ರೇಷ್ಮೆಯದನ್ನು ಮನೆಯಲ್ಲಿ ಒಗೆಯದೆ ಡ್ರೈ ಕ್ಲೀನಿಂಗಿಗೆ ಕೊಡುವುದು ಮೇಲು.

ಫಾಲ್ ಹಚ್ಚುವ ಮೊದಲೇ ಈ ಮೊದಲ ತೊಳೆತ ಮುಗಿದಿರಲಿ, ಫಾಲ್ ಬಟ್ಟೆಯನ್ನೂ ನೆನೆಸಿ ಒಣಗಿಸಿರಲಿ. ಹತ್ತಿ ಒಡಲು ನೀರು ಬಿದ್ದಾಗ ಕುಗ್ಗುತ್ತದೆ, ಸೆರಗು ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಜೋಡಣೆಯ ಗೆರೆ ಮೊದಲ ಸಲ ಸ್ವಲ್ಪ ಸುಕ್ಕುಗಟ್ಟಿದಂತೆ ಕಾಣುವುದು ಇದರಿಂದಲೇ. ಅರೆಒಣಗಿದಾಗ ಎರಡು ಕೈಯಲ್ಲಿ ಅಡ್ಡಕ್ಕೆ ಮೆಲ್ಲಗೆ ಎಳೆದು ಹದ ಮಾಡಿ, ಹಿಂಬದಿಯಿಂದ ಮಧ್ಯಮ ಬಿಸಿಯಲ್ಲಿ ಇಸ್ತ್ರಿ ಹಾಕಿದರೆ ಕೂರುತ್ತದೆ. ಗಂಜಿ ಒಡಲಿಗೆ ತೆಳ್ಳಗೆ ಸಾಕು, ಸೆರಗಿಗೆ ಬೇಡ. ಎತ್ತಿಡುವಾಗ ಜೋಡಣೆಯ ಗೆರೆಯ ಮೇಲೇ ಮಡಿಕೆ ಬರದಂತೆ ಒಂದು ಗೇಣು ಆಚೆ ಮಡಿಸಿ, ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಸೆರಗಿನ ತುದಿಗೆ ಗೊಂಡೆ ಕಟ್ಟಿಸದೆ ಉಟ್ಟರೆ ಹೊಕ್ಕು ಕಳಚುತ್ತ ಬರುತ್ತದೆ, ಕೊಂಡ ವಾರದಲ್ಲೇ ಕಟ್ಟಿಸಿ.

ಕುಣಿಕೆ ಬಿಚ್ಚಿಕೊಂಡರೆ ಊರಿನ ಟೈಲರ್ ಬಳಿ ಮೆಷಿನ್ ಹೊಲಿಗೆ ಹಾಕಿಸಬೇಡಿ. ಸೂಜಿ ಹೊಡೆದ ಕಡೆ ರೇಷ್ಮೆ ಎಳೆ ತುಂಡಾಗಿ, ಬರಬರುತ್ತ ಸಂದು ದೊಡ್ಡದಾಗುತ್ತದೆ. ಅದೇ ಬಣ್ಣದ ರೇಷ್ಮೆ ದಾರದಿಂದ, ಬಿಚ್ಚಿದ ಎರಡು ತುದಿಗಳನ್ನು ಕೈಸೂಜಿಯಲ್ಲಿ ಒಂದೊಂದಾಗಿ ಮತ್ತೆ ಸಿಕ್ಕಿಸಿ ಹಿಂಬದಿಯಲ್ಲಿ ಕಟ್ಟಬೇಕು. ಅರ್ಧ ಇಂಚಿನವರೆಗೆ ಒಳ್ಳೆಯ ರಫೂ ಕೈ ಇದನ್ನು ಮಾಡಬಲ್ಲದು. ಅದಕ್ಕಿಂತ ದೊಡ್ಡದಾದರೆ ಇಳಕಲ್ಲಿನಲ್ಲಿ ನೇಕಾರರ ಕೈಗೇ ಕೊಡಿ.