ಪೊಲಾಕ್–ಕ್ರಾಸ್ನರ್ ಮನೆ: ನೆಲ ನೋಡಲು ಹೋಗಿ, ಗೋಡೆಯನ್ನೂ ನೋಡಿ ಬನ್ನಿ

ನ್ಯೂಯಾರ್ಕ್ ನಗರದಿಂದ ಸುಮಾರು 100 ಮೈಲಿ. ಲಾಂಗ್ ಐಲ್ಯಾಂಡ್‌ನ ಪೂರ್ವ ತುದಿಯ ಸ್ಪ್ರಿಂಗ್ಸ್ ಎಂಬ ಊರು. ಬೇಸಿಗೆಯ ವಾರಾಂತ್ಯದಲ್ಲಿ ಮಾತ್ರ ಹೋಗಬೇಡಿ, ಬೀಚಿಗೆ ಹೋಗುವವರ ಕಾರುಗಳ ಹಿಂದೆಯೇ ಅರ್ಧ ದಿನ ಕಳೆಯುತ್ತದೆ.

ಜಾಕ್ಸನ್ ಪೊಲಾಕ್, ಲೀ ಕ್ರಾಸ್ನರ್ ಎಂಬ ಚಿತ್ರಕಾರ ದಂಪತಿ 1945ರಲ್ಲಿ ಕೊಂಡ ಮನೆ ಇದು. ಬೆಲೆ 5,000 ಡಾಲರ್. ಅದರಲ್ಲಿ 2,000 ಪೊಲಾಕ್‌ನ ಗ್ಯಾಲರಿಯ ಒಡತಿ ಪೆಗ್ಗಿ ಗುಗೆನ್‌ಹೈಮ್ ಕೊಟ್ಟ ಸಾಲ. ಯುದ್ಧ ಆಗಷ್ಟೇ ಮುಗಿದಿತ್ತು, ಇವರ ಕೈ ಖಾಲಿ. ನಾಲ್ಕೇ ವರ್ಷಕ್ಕೆ ಲೈಫ್ ಪತ್ರಿಕೆ, ಅಮೆರಿಕದ ಅತಿ ದೊಡ್ಡ ಜೀವಂತ ಚಿತ್ರಕಾರ ಈ ಪೊಲಾಕ್ ಏನಾ ಎಂದು ಕೇಳಿತು!

ಹಿತ್ತಲಿನ ಕೊಟ್ಟಿಗೆಯೇ ಸ್ಟುಡಿಯೊ. ಬೂಟು ಬಿಚ್ಚಿ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬೇಕು, ಯಾಕಂದ್ರೆ ನೋಡಬೇಕಾದ್ದು ಕಾಲ ಕೆಳಗೇ ಇದೆ. ಪೊಲಾಕ್ ನೆಲದ ಮೇಲೆ ಹಾಸಿದ ಕ್ಯಾನ್ವಾಸಿನ ಅಂಚು ದಾಟಿ ಬಿದ್ದ ಎನಾಮಲ್ ಬಣ್ಣ ಹಾಗೇ ಉಳಿದಿದೆ. 1953ರಲ್ಲಿ ಮೇಲೆ ಹಲಗೆ ಹೊದಿಸಿದ್ದರಿಂದ ಬಚಾವಾಯಿತು. ಮನೆಯನ್ನು ಮ್ಯೂಸಿಯಂ ಮಾಡುವಾಗ ಆ ಹಲಗೆ ಕಿತ್ತರು.

ನಮ್ಮ ಯಜಮಾನರು ಸಿವಿಲ್ ಇಂಜಿನಿಯರ್. ಚಿತ್ರಕಲೆ ಅಂದ್ರೆ ಆಕಳಿಕೆ. ಇಲ್ಲಿ ಮಾತ್ರ ಹೆಜ್ಜೆ ಹಾಕಿ ಅಳೆಯತೊಡಗಿದರು. “17 ಅಡಿ ಬಟ್ಟೆ ಹಾಸಿದ್ರೆ ಮನುಷ್ಯ ನಿಲ್ಲೋದೆಲ್ಲಿ?” ಅಂದರು. ಒಳ್ಳೆ ಪ್ರಶ್ನೆ ಅಲ್ವಾ? ಪೊಲಾಕ್‌ನ 1950ರ ಚಿತ್ರ ‘ಆಟಮ್ ರಿದಮ್’ ಅಷ್ಟೇ ಅಗಲ, ಬರೆದದ್ದು ಇಲ್ಲೇ. ಅವನು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಸುತ್ತಲೂ ನಡೆಯುತ್ತಾ, ಕಡ್ಡಿಯಿಂದ, ಗಟ್ಟಿಯಾದ ಬ್ರಷ್‌ನಿಂದ ಬಣ್ಣ ಸುರಿಯುತ್ತಿದ್ದ. ಇಡೀ ಮೈ ಬಳಸಿ ಚಿತ್ರ ಬರೆಯುವುದು ಅಂದರೆ ಏನೆಂದು ಈ ಇಕ್ಕಟ್ಟಿನಲ್ಲಿ ನಿಂತರೆ ಗೊತ್ತಾಗುತ್ತದೆ.

ಎಲ್ಲರೂ ನೆಲದ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನೀವು ಗೋಡೆ ನೋಡಿ. ಅಲ್ಲಿನ ಬಣ್ಣ ಕ್ರಾಸ್ನರ್‌ದು. ಪೊಲಾಕ್ ಕೊಟ್ಟಿಗೆ ಹಿಡಿದಿದ್ದಾಗ ಆಕೆಗೆ ಸಿಕ್ಕಿದ್ದು ಮಹಡಿಯ ಮಲಗುವ ಕೋಣೆ. ಆಗಿನ ಚಿತ್ರಗಳೂ ಸಣ್ಣವೇ. 1956ರಲ್ಲಿ ಗಂಡ ಕಾರು ಅಪಘಾತದಲ್ಲಿ ಸತ್ತ. ಮರುವರ್ಷ ಆಕೆ ಈ ಕೊಟ್ಟಿಗೆಗೆ ಬಂದು ಬರೆದ ‘ದಿ ಸೀಸನ್ಸ್’ ಕೂಡ ಹತ್ತಿರ ಹತ್ತಿರ 17 ಅಡಿ! ನನಗಂತೂ ಅದೇ ಜಾಸ್ತಿ ಇಷ್ಟ.

ಆ ದೊಡ್ಡ ಚಿತ್ರಗಳು ಇಲ್ಲಿಲ್ಲ. ಅವನದು ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ, ಆಕೆಯದು ಅಲ್ಲಿನದೇ ವಿಟ್ನಿ ಮ್ಯೂಸಿಯಂನಲ್ಲಿ. ಮೊದಲು ಇಲ್ಲಿಗೆ ಬಂದು, ಆಮೇಲೆ ಅಲ್ಲಿಗೆ ಹೋಗಿ. ಈ ಮನೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಮೊದಲೇ ಬುಕ್ ಮಾಡಿಕೊಳ್ಳಿ.