ಬೋರ್ ನೀರಿಗೆ ಯಾವುದು ಒಗ್ಗುತ್ತೆ: ಸೋಪೋ, ಶಾಂಪೂವೋ, ಸೀಗೆಕಾಯೋ?

ಮೂರು ಖಾಲಿ ಬಾಟಲಿ ತೊಳೆದಿಟ್ಟುಕೊಳ್ಳಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಕಾವೇರಿ ನೀರು, ಮೂರನೆಯದಕ್ಕೆ ಮಳೆನೀರು, ತಲಾ 50 ಎಂಎಲ್. 1 ಗ್ರಾಂ ಸ್ನಾನದ ಸೋಪನ್ನು ತುರಿದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು 100 ಎಂಎಲ್‌ನಷ್ಟು ಬೆಚ್ಚಗೆ ಮಾಡಿ ಅದರಲ್ಲಿ ಕರಗಿಸಿ. ಸೂಜಿ ತೆಗೆದ ಸಿರಿಂಜಿನಿಂದ ಅರ್ಧರ್ಧ ಎಂಎಲ್ ಬಿಡುತ್ತಾ, ಪ್ರತಿ ಸಲವೂ ಚೆನ್ನಾಗಿ ಕುಲುಕಿ. ನೊರೆ ಎರಡು ನಿಮಿಷ ನಿಂತಿತೆಂದರೆ ಆ ಬಾಟಲಿಯ ಲೆಕ್ಕ ಮುಗಿಯಿತು.

ಮಳೆನೀರಿಗೆ ಅರ್ಧ, ಹೆಚ್ಚೆಂದರೆ ಒಂದು ಎಂಎಲ್ ಸಾಕು. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ (ಗಡಸುತನವೆಂದರೆ ನೀರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಲೆಕ್ಕ) ಬೋರ್ ನೀರು 15 ಎಂಎಲ್ ಕುಡಿದರೂ ಒಡೆದ ಹಾಲಿನ ಹಾಗೆ ಬೆಳ್ಳಗೆ ಚೂರುಚೂರಾಗಿ ನಿಲ್ಲುತ್ತದೆ. ನೊರೆ ಶುರುವಾಗುವುದೇ ಅದಾದ ಮೇಲೆ. ಕಾವೇರಿ ನೀರು ಇವೆರಡರ ನಡುವೆ, ಮಳೆನೀರಿನ ಕಡೆಗೇ ವಾಲಿಕೊಂಡಿರುತ್ತದೆ.

ಆ ಬಿಳಿ ಚೂರುಗಳೇ ವ್ಯರ್ಥವಾದ ಸೋಪು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲವನ್ನು ಹಿಡಿದು ಕರಗದ ಮೇಣವಾಗಿಸುತ್ತವೆ. ಗಡಸುತನದ ಪ್ರತಿ 100 ಮಿಲಿಗ್ರಾಂ, ಲೀಟರಿಗೆ ಸುಮಾರು 0.6 ಗ್ರಾಂ ಸೋಪು ನುಂಗುತ್ತದೆ. 500 ಇರುವ ನೀರಾದರೆ 15 ಲೀಟರ್ ಬಕೆಟ್ಟಿಗೆ 45 ಗ್ರಾಂ, ಅಂದರೆ ನೊರೆ ಬರುವ ಮೊದಲೇ ಅರ್ಧ ಬಿಲ್ಲೆ ಹೋಯಿತು! ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಒಪ್ಪಬಹುದಾದ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600. ಹಾಗಾಗಿ ಕುಡಿಯಲು ಪಾಸಾದ ನೀರು ಸೋಪಿನ ಮುಂದೆ ಫೇಲಾಗುವುದು ಹೊಸದೇನಲ್ಲ.

ಯಾರೂ ಬಕೆಟ್ಟಿಗೆ ಸೋಪು ಕದಡಿ ಮೈ ತೊಳೆಯುವುದಿಲ್ಲ, ನಿಜ. ಒದ್ದೆ ಮೈಗೆ ಸೋಪು ಉಜ್ಜುವಾಗ ನೀರು ಕಡಿಮೆ, ಸೋಪು ಹೆಚ್ಚು, ಹಾಗಾಗಿ ಬೋರ್ ನೀರಲ್ಲೂ ಒಂದಿಷ್ಟು ನೊರೆ ಬರುತ್ತದೆ. ಯಡವಟ್ಟಾಗುವುದು ಮೈಗೆ ನೀರು ಸುರಿದುಕೊಂಡಾಗ. ಹೊಸ ಕ್ಯಾಲ್ಸಿಯಂ ಬಂದು ಉಳಿದ ಸೋಪನ್ನು ಚರ್ಮದ ಮೇಲೆಯೇ ಮೇಣ ಮಾಡುತ್ತದೆ. ಮಗ್ಗಿನ ಒಳಗೆ ನೀರಿನ ಮಟ್ಟದಲ್ಲಿ ಬೂದು ಬಣ್ಣದ ಗೆರೆ ಇದ್ದರೆ ಉಗುರಿನಿಂದ ಕೆರೆದು ನೋಡಿ: ಜಿಡ್ಡಾಗಿ ಸುರುಳಿ ಬಂದರೆ ಸೋಪಿನ ಮೇಣ. ಗಟ್ಟಿಯಾಗಿದ್ದು, ನಿಂಬೆರಸ ಬಿದ್ದಾಗ ಗುಳ್ಳೆ ಏಳಿಸಿದರೆ ಅದು ಸುಣ್ಣದ ಕಲೆ. ಎರಡನ್ನೂ ಒಂದೇ ಎಂದುಕೊಂಡು ಆಸಿಡ್ ಸುರಿಯುವವರೇ ಹೆಚ್ಚು.

ಅದೇ ಮೂರು ನೀರಿಗೆ ಶಾಂಪೂ ಬಿಟ್ಟರೆ ಚಿತ್ರವೇ ಬೇರೆ. ಬೋರ್ ನೀರಲ್ಲಿ ನೊರೆ ತುಸು ತೆಳು, ಆದರೆ ಒಡಕಿಲ್ಲ. ಶಾಂಪೂವಿನಲ್ಲಿ ನೊರೆ ತರುವ ಸೋಡಿಯಂ ಲಾರೆತ್ ಸಲ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿದರೂ ಕರಗಿಯೇ ಇರುತ್ತದೆ. ಲೇಬಲ್‌ನಲ್ಲಿ ಈಡಿಟಿಎ ಇದ್ದರೆ ಅದೂ ಒಂದಿಷ್ಟು ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ತಲೆಗೆ ಮೊದಲ ಸಲ ಶಾಂಪೂ ಹಾಕಿದಾಗ ನೊರೆ ಬರದಿದ್ದರೆ ಬೈಯಬೇಕಾದ್ದು ಕೊಬ್ಬರಿ ಎಣ್ಣೆಯನ್ನು, ಬೋರ್ ನೀರನ್ನಲ್ಲ. ಎರಡನೇ ಸಲ ಅದೇ ನೀರಲ್ಲೇ ಬರುತ್ತದಲ್ಲ. ಆದರೆ ಕೈಯಲ್ಲಿ ತಯಾರಿಸಿದ ‘ಶಾಂಪೂ ಬಾರ್’ಗಳ ಬಗ್ಗೆ ಹುಷಾರು. ಎಣ್ಣೆಗೆ ಕಾಸ್ಟಿಕ್ ಹಾಕಿ ಮಾಡಿದ್ದಾದರೆ ಅದು ಸೋಪೇ, ಬೋರ್ ನೀರಲ್ಲಿ ಕೂದಲು ಅಂಟಂಟಾಗುತ್ತದೆ. ಆಗ ಎರಡು ಚಮಚ ನಿಂಬೆರಸವನ್ನು ಒಂದು ಚೊಂಬು ನೀರಿಗೆ ಹಾಕಿ ಕೊನೆಯಲ್ಲಿ ತಲೆಗೆ ಹೊಯ್ದುಕೊಂಡರೆ ಅಂಟು ಸುಮಾರಾಗಿ ಬಿಡುತ್ತದೆ.

ಸೀಗೆಕಾಯಿ, ಅಂಟುವಾಳದ ನೊರೆ ಸಪೋನಿನ್ ಎಂಬ ಸಸ್ಯದ ನೊರೆಪದಾರ್ಥದ್ದು. ಮೂರೂ ಬಾಟಲಿಯಲ್ಲಿ ಹೆಚ್ಚುಕಮ್ಮಿ ಒಂದೇ ಎತ್ತರ. ನೊರೆ ಕಡಿಮೆಯೇ, ಆದರೆ ನೀರು ನೋಡಿ ಬದಲಾಗುವುದಿಲ್ಲ. ಇಬ್ಬರಲ್ಲಿ ಅಂಟುವಾಳ ಮುಂದು.

ಬಿಲ್ಲೆಯೇ ಬೇಕೆನ್ನುವವರು ಸಾಮಾನ್ಯವಾಗಿ ಎಡವುವುದು ಟಿಎಫ್‌ಎಂ, ಅಂದರೆ ಸೋಪಿನ ಒಟ್ಟು ಕೊಬ್ಬಿನಂಶದ ಮೇಲೆ. 76% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲ ದರ್ಜೆಯ ಸೋಪು, ಸರಿ. ಆದರೆ ಗಡಸು ನೀರಿನಿಂದ ಅದು ಕಾಪಾಡುವುದಿಲ್ಲ, ಮೇಣವಾಗಲು ಕೊಬ್ಬಿನಾಮ್ಲ ಇನ್ನೂ ಹೆಚ್ಚು ಸಿಗುತ್ತದೆ ಅಷ್ಟೇ. ಪಟ್ಟಿಯ ಮೊದಲಲ್ಲಿ ‘ಸೋಡಿಯಂ ಪಾಮೇಟ್’ ಬದಲು ‘ಸೋಡಿಯಂ ಲಾರಾಯ್ಲ್ ಐಸೆಥಿಯೋನೇಟ್’ (ಇದು ಸೋಪಲ್ಲ, ಗಡಸು ನೀರಲ್ಲೂ ಒಡೆಯದು) ಇರುವ ಬಾರ್ ಕೊಳ್ಳಿ. ಬೆಲೆ ಜಾಸ್ತಿ, ಬಚ್ಚಲು ಉಜ್ಜುವ ಕೆಲಸ ಕಡಿಮೆ.

ನೀರನ್ನೇ ಸರಿಮಾಡುವುದಾದರೆ? ಕುದಿಸಿದರೆ ಬೈಕಾರ್ಬನೇಟಿನ ಗಡಸುತನ ಮಾತ್ರ ತಳಕ್ಕಿಳಿಯುತ್ತದೆ. ಸಲ್ಫೇಟು, ಕ್ಲೋರೈಡಿನದು ಹಾಗೇ ಉಳಿಯುತ್ತದೆ. ಬಟ್ಟೆಗೆ ಸೋಪು ಹಾಕುವ ಮೊದಲು, 500ರ ನೀರಿನ 15 ಲೀಟರ್ ಬಕೆಟ್ಟಿಗೆ ಸುಮಾರು 22 ಗ್ರಾಂ ಹರಳಿನ ವಾಷಿಂಗ್ ಸೋಡಾ ಸಾಕು. ಮೈಗೆ, ತಲೆಗೆ ಅದು ಬೇಡ. ಮನೆಗೆಲ್ಲ ಸಾಫ್ಟ್‌ನರ್ ಹಾಕಿಸಿದರೆ ನೊರೆ ಖಂಡಿತ ಬರುತ್ತದೆ, ಆದರೆ ಅದರೊಳಗಿನ ರೆಸಿನ್ (ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುವ ಮಣಿಗಳು) ಮತ್ತೆ ಚುರುಕಾಗಲು ಇದೇ ನೀರಿನ 1,000 ಲೀಟರಿಗೆ ಲೆಕ್ಕದಲ್ಲೇ 600 ಗ್ರಾಂ ಉಪ್ಪು ಬೇಕು, ಬಳಕೆಯಲ್ಲಿ ಅದರ ಎರಡರಷ್ಟಾದರೂ. ಅದಾದ ಮೇಲೂ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಇಳಿಯಲಿಲ್ಲ ಎಂದು ಗಾಬರಿಯಾಗಬೇಡಿ: ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿದೆ, ಮೀಟರಿಗೆ ಎರಡೂ ಒಂದೇ. ಶವರ್‌ಗೆ ಸಿಕ್ಕಿಸುವ ಪುಟ್ಟ ಫಿಲ್ಟರಿಗಂತೂ ದುಡ್ಡು ಹಾಕಬೇಡಿ. ಒಳಗೆ ಅರ್ಧ ಲೀಟರ್ ರೆಸಿನ್ ಇದ್ದರೂ ಈ ನೀರಲ್ಲಿ ಐದಾರು ಬಕೆಟ್ಟಿಗೆ ಸುಸ್ತಾಗುತ್ತದೆ. ಬರೀ ಇದ್ದಿಲಿದ್ದರೆ ಗಡಸುತನ ಮುಟ್ಟುವುದೇ ಇಲ್ಲ.

ಮಳೆನೀರು ಹಿಡಿಯುವವರಿಗೆ ಒಂದು ಮಾತು. ಹೊಸ ಸಿಮೆಂಟ್ ತೊಟ್ಟಿ ಸುಣ್ಣ ಬಿಡುತ್ತದೆ, ಅದರಲ್ಲಿ ನಿಂತ ಮಳೆನೀರೂ ಮೊದಮೊದಲು ಗಡಸಾಗಿಯೇ ಇರುತ್ತದೆ. ನಾಲ್ಕೈದು ಸಲ ತುಂಬಿಸಿ ಚೆಲ್ಲಿ, ಆಮೇಲೆ ಬಾಟಲಿ ಕುಲುಕಿ ನೋಡಿ.